ಮಹಿಳೆಯರಲ್ಲಿ ಕ್ಯಾನ್ಸರಿನ ಆರಂಭಿಕ ಸೂಚನೆಗಳು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದದ್ದು

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಪಠ್ಯ



ಆರೋಗ್ಯದ ವಿಷಯ ಮಾತನಾಡಬೇಕೆಂದು ನನ್ನನ್ನು ಕರೆಯಲಾಗಿದೆ. ಆದರೆ ನಾನು ತೋಟದಿಂದ ಆರಂಭಿಸುತ್ತೇನೆ. ಕಡೂರು ಸೀಮೆಯ ಯಾವ ತೆಂಗಿನ ಬೆಳೆಗಾರರನ್ನಾದರೂ ಕೇಳಿ ನೋಡಿ. ಕಾಂಡದ ಮೇಲೆ ಕೆಂಗಂದು ರಸ ಸೋರಿದ ಕಲೆ ಕಂಡರೆ ಅವರು ಗರಿ ಬಾಡುವವರೆಗೆ ಕಾಯುವುದಿಲ್ಲ. ಮರಕ್ಕೆ ನೋವಿದೆಯೇ ಎಂದು ಯಾರೂ ಕೇಳುವುದಿಲ್ಲ. ಕಲೆಯಾದ ಭಾಗವನ್ನು ಕೆತ್ತಿ ತೆಗೆದು ಔಷಧಿ ಹಚ್ಚುತ್ತಾರೆ. ಅದೇ ಮನೆಯ ಹೆಣ್ಣುಮಗಳು ಎದೆಯಲ್ಲೊಂದು ಗಂಟು ಕೈಗೆ ಸಿಗುತ್ತಿದೆ ಎಂದಾಗ ಕೇಳಲ್ಪಡುವ ಮೊದಲ ಪ್ರಶ್ನೆ, "ನೋವಿದೆಯೇ?" ಎಂಬುದು. ಇಲ್ಲವೆಂದರೆ, "ಹಾಗಾದರೆ ಬಿಡು, ಆಮೇಲೆ ನೋಡೋಣ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಹಿಳೆಯರ ಕ್ಯಾನ್ಸರಿನಲ್ಲಿ ಆರಂಭದ ಸೂಚನೆಗಳು ಬಹುಮಟ್ಟಿಗೆ ನೋವಿಲ್ಲದವು. ನೋವು ಬರುವ ಹೊತ್ತಿಗೆ ರೋಗವು ಆರಂಭದ ಹಂತವನ್ನು ದಾಟಿ ಹೋಗಿರುತ್ತದೆ. ಆದುದರಿಂದ ನೋವಿಲ್ಲ ಎಂಬುದನ್ನು ಸಮಾಧಾನದ ಕಾರಣವಾಗಿ ತೆಗೆದುಕೊಳ್ಳುವ ನಮ್ಮ ರೂಢಿಯೇ ಇಲ್ಲಿ ಅತಿ ದೊಡ್ಡ ಅಪಾಯ. ಇದನ್ನು ವೈದ್ಯರಿಗೆ ಹೇಳಬೇಕಾಗಿಲ್ಲ, ಅವರಿಗೆ ಗೊತ್ತು. ಹೇಳಬೇಕಾದದ್ದು ನಿಮಗೆ. ಏಕೆಂದರೆ ಗಂಟು ಕಂಡ ದಿನದಿಂದ ವೈದ್ಯರ ಮುಂದೆ ಕುಳಿತ ದಿನದವರೆಗಿನ ಕಾಲವೆಲ್ಲ ಕಳೆಯುವುದು ನಿಮ್ಮ ಊರಿನಲ್ಲಿ.

ಬಹಳ ವರ್ಷಗಳ ಹಿಂದೆ ಅಡಿಕೆ ಸೀಮೆಯ ತಾಯಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ಮುಟ್ಟು ನಿಂತು ಮೂರು ವರ್ಷಗಳಾದ ಮೇಲೆ ಒಂದು ದಿನ ಬಟ್ಟೆಯಲ್ಲಿ ಸ್ವಲ್ಪ ರಕ್ತ ಕಂಡಿತು. ಮೈಯಲ್ಲಿ ಉಷ್ಣವಾಗಿದೆ ಎಂದು ನೆರೆಯವರು ಹೇಳಿದರು. ಮೆಂತ್ಯ ನೆನೆಸಿ ಕುಡಿದರು, ನಿಂತಿತು. ಎರಡು ತಿಂಗಳ ನಂತರ ಮತ್ತೆ ಕಂಡಿತು. ಆಗ ಅಡಿಕೆ ಕೊಯ್ಲಿನ ಕಾಲ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಕೆಲಸ, ಸುಲಿದ ತೂಕಕ್ಕೆ ಕೂಲಿ. ಕೊಯ್ಲು ಮುಗಿಯುತ್ತಲೇ ಊರಿನ ಜಾತ್ರೆ, ಜಾತ್ರೆ ಮುಗಿಯುತ್ತಲೇ ಮಗಳ ಬಾಣಂತನ. ಮೊದಲ ಕಲೆ ಕಂಡ ಹನ್ನೊಂದನೆಯ ತಿಂಗಳಿಗೆ, ಸೊಂಟನೋವು ತಡೆಯಲಾರದೆ ಬಂದರು. ಗರ್ಭಕೊರಳಿನ ಕ್ಯಾನ್ಸರು ಅಕ್ಕಪಕ್ಕಕ್ಕೆ ಹರಡಿತ್ತು. "ನೋವಿರಲಿಲ್ಲವಲ್ಲ ಡಾಕ್ಟರೇ, ಅದಕ್ಕೇ ಬರಲಿಲ್ಲ" ಎಂದು ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. ಅವರು ಅವಿದ್ಯಾವಂತರಾಗಿರಲಿಲ್ಲ, ಬಡವರೂ ಆಗಿರಲಿಲ್ಲ. ಅವರ ಮನೆಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಗೆ ಹನ್ನೊಂದು ತಿಂಗಳು ಹಿಡಿಯಿತು.

ಈಗ ಸೂಚನೆಗಳನ್ನು ನೋಡೋಣ. ಮೊದಲು ಸ್ತನದ ವಿಷಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. ಸುಮಾರು 98 ಸಾವಿರ ಮಂದಿ ಅದರಿಂದ ಸಾಯುತ್ತಾರೆ. ಇದು ಪೇಟೆಯ ಹೆಂಗಸರ ರೋಗ, ಹಾಲೂಡಿಸಿದವರಿಗೆ ಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಹಾಲೂಡಿಸುವುದರಿಂದ ಅಪಾಯ ಸ್ವಲ್ಪ ಕಡಿಮೆಯಾಗುವುದು ನಿಜ, ಇಲ್ಲವಾಗುವುದಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಈ ರೋಗ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ವಯಸ್ಸಿನಲ್ಲಿ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅಂದರೆ ಮಕ್ಕಳ ಓದು, ಮದುವೆ, ತೋಟದ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸು. ತನ್ನ ದೇಹವನ್ನು ನೋಡಿಕೊಳ್ಳಲು ಅತ್ಯಂತ ಕಡಿಮೆ ಬಿಡುವಿರುವ ವಯಸ್ಸು.

ಸ್ತನದಲ್ಲಾಗಲಿ ಕಂಕುಳಿನಲ್ಲಾಗಲಿ ಹೊಸದಾಗಿ ಕೈಗೆ ಸಿಗುವ ಗಂಟು ಮೊದಲನೆಯ ಸೂಚನೆ. ಕಡಲೆಕಾಳಿನಷ್ಟಿರಲಿ, ಗೋಲಿಯಷ್ಟಿರಲಿ, ನೋವಿಲ್ಲದೆ ಗಟ್ಟಿಯಾಗಿದ್ದರೆ ಹೆಚ್ಚು ಎಚ್ಚರ ಬೇಕು. ಮೊದಲಿನಿಂದಲೂ ಸರಿಯಾಗಿದ್ದ ತೊಟ್ಟು ಈಗ ಒಳಸೇದುವುದು, ಹಾಲೂಡಿಸದ ಕಾಲದಲ್ಲಿ ಒಂದೇ ತೊಟ್ಟಿನಿಂದ ರಕ್ತ ಅಥವಾ ರಕ್ತಮಿಶ್ರಿತ ನೀರು ಬರುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿ ಸಣ್ಣ ಸಣ್ಣ ಗುಳಿ ಬೀಳುವುದು, ಒಂದು ಸ್ತನದ ಆಕಾರ ಅಥವಾ ಗಾತ್ರ ಕಾರಣವಿಲ್ಲದೆ ಬದಲಾಗುವುದು, ತೊಟ್ಟಿನ ಮೇಲೆ ಕಜ್ಜಿಯಂತೆ ಎದ್ದು ಮುಲಾಮಿಗೆ ಬಗ್ಗದಿರುವುದು, ಇವೂ ಸೂಚನೆಗಳೇ. ಇವುಗಳಲ್ಲಿ ಒಂದಿದ್ದರೂ ಸಾಕು. ಎಲ್ಲವೂ ಕೂಡಿಬರಲಿ ಎಂದು ಕಾಯಬೇಕಾಗಿಲ್ಲ.

ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಒತ್ತಿ ಹೇಳಬೇಕು. ಪರೀಕ್ಷೆಗೆ ಬರುವ ಸ್ತನದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ನೀರುಗುಳ್ಳೆ, ಹಾಲುಗಂಟು, ಹದಿವಯಸ್ಸಿನ ಸಾಧಾರಣ ಗೆಡ್ಡೆ ಮೊದಲಾದವೇ ಹೆಚ್ಚು. ಊರಿನಲ್ಲಿ ನೀವು ಮಾತನಾಡುವಾಗ ಇದನ್ನು ಮೊದಲು ಹೇಳಿ, ಭಯವನ್ನು ಆಮೇಲೆ ಹೇಳಿ. ಭಯವನ್ನಷ್ಟೇ ಹೇಳಿದರೆ ಹೆಣ್ಣುಮಕ್ಕಳು ಗಂಟನ್ನು ಮುಚ್ಚಿಡುತ್ತಾರೆ. "ಬಹುಶಃ ಏನೂ ಇರಲಾರದು, ಆದರೆ ಎರಡು ವಾರದೊಳಗೆ ತೋರಿಸಿಬಿಡೋಣ" ಎಂಬ ಮಾತಿಗೆ ಜನ ಬರುತ್ತಾರೆ.

ಬೇಗ ಬಂದರೆ ಆಗುವ ವ್ಯತ್ಯಾಸವೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 2012ರಿಂದ 2015ರ ಅವಧಿಯ ಸ್ತನ ಕ್ಯಾನ್ಸರ್ ರೋಗಿಗಳನ್ನು ಹಿಂಬಾಲಿಸಿ ನೋಡಲಾಯಿತು. ರೋಗ ಸ್ತನದಲ್ಲಷ್ಟೇ ಇದ್ದಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 81 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಆ ಸಂಖ್ಯೆ ಸುಮಾರು 18. ದೇಶ ಒಂದೇ, ರೋಗ ಒಂದೇ. ಪತ್ತೆಯಾದ ಹಂತ ಮಾತ್ರ ಬೇರೆ.

ಎರಡನೆಯದು ಗರ್ಭಕೊರಳಿನ ಕ್ಯಾನ್ಸರ್. ಅದೇ 2022ರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಹೆಚ್ಚುಕಡಿಮೆ 80 ಸಾವಿರ ಸಾವುಗಳು. ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ವರ್ಷಗಟ್ಟಲೆ ಉಳಿದುಕೊಂಡಾಗ ಈ ರೋಗ ಬರುತ್ತದೆ. ಈ ವೈರಾಣು ತೀರಾ ಸಾಮಾನ್ಯವಾದದ್ದು. ದಾಂಪತ್ಯ ಜೀವನ ನಡೆಸಿದ ಬಹುತೇಕ ಎಲ್ಲರಿಗೂ ಎಂದಾದರೊಮ್ಮೆ ತಗುಲಿ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಆದುದರಿಂದ ಈ ರೋಗ ಬಂದ ಹೆಣ್ಣಿನ ನಡತೆಯ ಬಗ್ಗೆ ಯಾರಾದರೂ ಪಿಸುಗುಟ್ಟಿದರೆ ಅದನ್ನು ಅಲ್ಲಿಯೇ ತಡೆಯುವುದು ನಿಮ್ಮ ಹೊಣೆ. ಈ ಪಿಸುಮಾತಿಗೆ ಹೆದರಿ ರೋಗವನ್ನು ಮುಚ್ಚಿಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಸೋಂಕಿನಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಈ ಅವಧಿಯಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಅದಾದ ಮೇಲೆ ಕಾಣುವ ಸೂಚನೆಗಳೆಂದರೆ, ಗಂಡ ಹೆಂಡಿರ ಸಂಪರ್ಕದ ನಂತರ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು, ಬಿಳಿಮುಟ್ಟು ದುರ್ವಾಸನೆಯಿಂದ ಕೂಡಿರುವುದು ಅಥವಾ ಮಾಂಸ ತೊಳೆದ ನೀರಿನಂತಿರುವುದು, ಮತ್ತು ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣುವುದು. ಈ ಕೊನೆಯದನ್ನು ನಮ್ಮ ಹಳ್ಳಿಗಳಲ್ಲಿ "ಮುಟ್ಟು ಮರಳಿ ಬಂತು" ಎನ್ನುತ್ತಾರೆ. ಕೆಲವರು ಅದನ್ನು ಯೌವನದ ಗುರುತೆಂದು ನಗೆಯಾಡುವುದೂ ಉಂಟು. ಮುಟ್ಟು ಮರಳಿ ಬರುವುದಿಲ್ಲ. ಒಂದು ವರ್ಷದ ನಂತರ ಒಂದೇ ಒಂದು ಹನಿ ಕಂಡರೂ, ಅದು ತಾನಾಗಿ ನಿಂತುಹೋದರೂ, ವೈದ್ಯರು ನೋಡಲೇಬೇಕು. ಗರ್ಭಕೋಶದ ಒಳಪದರದ ಕ್ಯಾನ್ಸರಿಗೂ ಇದೇ ಮೊದಲ ಸೂಚನೆ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ರಕ್ತಸ್ರಾವ ಎಂದೊಡನೆ "ಗರ್ಭಕೋಶ ತೆಗೆಸಿಬಿಡಿ" ಎಂಬ ಸಲಹೆ ನಮ್ಮಲ್ಲಿ ಬಹಳ ಸುಲಭವಾಗಿ ದೊರೆಯುತ್ತದೆ. ಏಕೆ ರಕ್ತ ಹೋಗುತ್ತಿದೆ ಎಂದು ಪರೀಕ್ಷಿಸದೆ, ಚೂರು ಮಾಂಸವನ್ನು ಪ್ರಯೋಗಾಲಯಕ್ಕೆ ಕಳುಹಿಸದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಾರದು. ಒಳಗೆ ಕ್ಯಾನ್ಸರ್ ಅಡಗಿದ್ದರೆ ಸಾಧಾರಣ ಶಸ್ತ್ರಚಿಕಿತ್ಸೆ ಸಾಲದು. ಮುಂದಿನ ಚಿಕಿತ್ಸೆಯೂ ತೊಡಕಾಗುತ್ತದೆ. ಮತ್ತೊಂದು ಕಡೆ, ಗರ್ಭಕೋಶ ತೆಗೆಸಿಕೊಂಡವರು ತಮಗೆ ಇನ್ನು ಯಾವ ಕ್ಯಾನ್ಸರೂ ಬಾರದೆಂದು ಸ್ತನದ ಗಂಟನ್ನೂ ಅಲಕ್ಷಿಸುತ್ತಾರೆ.

ಅಂಡಾಶಯದ ಕ್ಯಾನ್ಸರ್ ಸಂಖ್ಯೆಯಲ್ಲಿ ಕಡಿಮೆ, ಮೋಸದಲ್ಲಿ ಹೆಚ್ಚು. ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸೀರೆಯ ನೆರಿಗೆ ಬಿಗಿಯಾಗುವಂತೆ ಹೊಟ್ಟೆ ದಪ್ಪಗಾಗುತ್ತ ಕೈಕಾಲು ಸೊರಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಎಲ್ಲರೂ ಇದನ್ನು ಗ್ಯಾಸ್ ಎಂದೇ ಕರೆಯುತ್ತಾರೆ. ನಲವತ್ತೈದು ದಾಟಿದ ಹೆಣ್ಣುಮಗಳಿಗೆ ಹೊಸದಾಗಿ ಬಂದ ಗ್ಯಾಸ್ ಮೂರು ವಾರವಾದರೂ ಹೋಗದಿದ್ದರೆ ಔಷಧಿ ಅಂಗಡಿಯ ಮಾತ್ರೆಯನ್ನು ಬಿಟ್ಟು ಒಂದು ಸ್ಕ್ಯಾನಿಂಗ್ ಮಾಡಿಸಬೇಕು. ಮಲದಲ್ಲಿ ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿಕೊಳ್ಳುವುದೂ ಸಲ್ಲದು.

ಬಾಯಿಯ ಕ್ಯಾನ್ಸರಿನ ವಿಷಯಕ್ಕೆ ಬಂದರೆ ನನಗೆ ಮುಜುಗರವಿದೆ; ತರೀಕೆರೆ, ಅಜ್ಜಂಪುರದ ಅಡಿಕೆ ಬೆಳೆಗಾರರ ನಡುವೆ ನಿಂತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದನ್ನು, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್ ಕಾರಕವೆಂದು ವರ್ಗೀಕರಿಸಿತು. ಇದಕ್ಕೆ ಬೆಳೆಗಾರರ ಆಕ್ಷೇಪವಿದೆ ಎಂಬುದು ನನಗೆ ತಿಳಿದಿದೆ. ಆ ವಾದವನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ವೈದ್ಯಳಾಗಿ ನನ್ನ ಅಭಿಪ್ರಾಯ ಆ ವರದಿಯ ಕಡೆಗೇ ಇದೆ ಎಂದು ಮಾತ್ರ ಹೇಳುತ್ತೇನೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅಪಾಯಕಾರಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನಾಟಿ, ಕಳೆ, ಸುಲಿತದ ಕೆಲಸದಲ್ಲಿ ಹಸಿವನ್ನು ಮರೆಯಲು ಇದನ್ನು ಹಾಕಿಕೊಳ್ಳುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಒಳಗೆ ಹೋಗದಷ್ಟು ಬಾಯಿ ಬಿಗಿಯಾಗುವುದು, ಖಾರ ಸೋಂಕಿದರೆ ಉರಿಯುವುದು ಸೂಚನೆಗಳು. ಬಾಯಿಯನ್ನು ಬೆಳಕಿನಲ್ಲಿ ನೋಡಿದರೆ ಸಾಕು, ಯಂತ್ರ ಬೇಡ.

ಕೆಮ್ಮಿನ ಬಗ್ಗೆಯೂ ಒಂದು ಮಾತು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಜನಿಸಿದ, ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಲ್ಲಿ ನಾಡೆಲ್ಲ ಕೇಳಿರುವ ಧ್ವನಿಯ ಒಡತಿ, ನಿರೂಪಕಿ ಹಾಗೂ ನಟಿ ಅಪರ್ಣಾ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ 2024ರ ಜುಲೈ 11ರಂದು ನಿಧನರಾದರು. ಆಗ ಅವರಿಗೆ 57 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಬೀಡಿ ಸಿಗರೇಟು ಸೇದುವ ಗಂಡಸರದ್ದು ಎಂದೇ ನಾವು ಭಾವಿಸಿದ್ದೇವೆ. ಎಂದೂ ಧೂಮಪಾನ ಮಾಡದ ಮಹಿಳೆಯರಿಗೂ ಅದು ಬರುತ್ತದೆ. ಸೌದೆ ಒಲೆಯ ಹೊಗೆಯನ್ನೂ ಸಂಭಾವ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಲಾಗಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಮಾಡಿಸಬೇಕೆಂಬುದು ಈಗ ಎಲ್ಲರಿಗೂ ಗೊತ್ತಿದೆ. ಕಫದಲ್ಲಿ ಕ್ಷಯವಿಲ್ಲ ಎಂದು ವರದಿ ಬಂದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಕೆಮ್ಮು ಮುಂದುವರಿದಿದ್ದರೆ ನಿಶ್ಚಿಂತರಾಗಬಾರದು. ಎದೆಯ ಎಕ್ಸ್‌ರೇ ಆಗಬೇಕು, ವೈದ್ಯರು ಮತ್ತೊಮ್ಮೆ ನೋಡಬೇಕು.

ಸೂಚನೆಗಳನ್ನು ತಿಳಿಸಿದರೆ ನಿಜಕ್ಕೂ ಪ್ರಯೋಜನವಾಗುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿಕೊಂಡಿರುವ ಸೊಲ್ಲಾಪುರ ಜಿಲ್ಲೆಯಲ್ಲಿ ಬಾರ್ಶಿ ಎಂಬ ಊರಿದೆ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ಆರಂಭವಾಯಿತು. ರೋಗಿಗಳನ್ನು ಲೆಕ್ಕ ಹಾಕಲು ಹಳ್ಳಿ ಹಳ್ಳಿ ತಿರುಗಿದ ಕಾರ್ಯಕರ್ತರು ಜನರಿಗೆ ಸೂಚನೆಗಳನ್ನು ವಿವರಿಸಿ, ಶಂಕೆಯಿದ್ದವರನ್ನು ಆಸ್ಪತ್ರೆಗೆ ಹೋಗುವಂತೆ ಒಪ್ಪಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಆರಂಭದ ಹಂತಗಳಲ್ಲಿ ಪತ್ತೆಯಾಗುವ ಪ್ರಮಾಣ ಹೆಚ್ಚಿತು. ಆಗ ಅಲ್ಲಿ ಹೊಸ ಯಂತ್ರವೇನೂ ಬಂದಿರಲಿಲ್ಲ, ಮಾತು ಮಾತ್ರ ಬಂದಿತ್ತು. ಅದರ ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಮುಂದೆ ಒಂದು ಲಕ್ಷಕ್ಕೂ ಮೀರಿದ ಗ್ರಾಮೀಣ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆದು, ಜೀವನದಲ್ಲಿ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿದರೂ ಗರ್ಭಕೊರಳಿನ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿಯುತ್ತದೆಂದು 2009ರಲ್ಲಿ ವರದಿಯಾಯಿತು. ಆ ಊರುಗಳೂ ನಮ್ಮ ಊರುಗಳಂತೆಯೇ ಬರದ ಸೀಮೆಯ ಊರುಗಳು.

ನಮ್ಮಲ್ಲಿ 30 ವರ್ಷ ಮೀರಿದ ಎಲ್ಲರಿಗೂ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಮಾಡುವ ಕಾರ್ಯಕ್ರಮ ಕಾಗದದ ಮೇಲೆ ಬಹಳ ದಿನಗಳಿಂದ ಇದೆ. ಕೋಲಾರದಲ್ಲಿ 2024ರಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿಯೂ ಈ ಮೂರೂ ಸೇರಿವೆ. ಆದರೆ 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕೊರಳಿನ ಪರೀಕ್ಷೆ ಎಂದಾದರೂ ಆಗಿದ್ದವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಸ್ತನದ ಪರೀಕ್ಷೆ ಆಗಿದ್ದವರು ಒಬ್ಬರೂ ಇಲ್ಲ ಎನ್ನಬಹುದು.

ಗರ್ಭಕೊರಳಿನ ಪರೀಕ್ಷೆ ಎಂದರೇನು? ಶುಶ್ರೂಷಕಿಯು ಗರ್ಭಕೊರಳಿಗೆ ದುರ್ಬಲವಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನಂಥ ದ್ರಾವಣವನ್ನು, ಹತ್ತಿಯಿಂದ ಸವರಿ ಒಂದು ನಿಮಿಷ ಕಾದು ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆಗೆ ಕಳುಹಿಸುತ್ತಾರೆ. ಮಚ್ಚೆ ಕಂಡರೆ ಕ್ಯಾನ್ಸರೆಂದು ಅರ್ಥವಲ್ಲ. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆಯಾಗಿದ್ದರೆ ಕೆಲವೇ ನಿಮಿಷಗಳ ಚಿಕಿತ್ಸೆಯಲ್ಲಿ ಅಲ್ಲಿಗೇ ಮುಗಿಸಬಹುದು. ಆದರೆ ಒಂದು ವ್ಯತ್ಯಾಸವನ್ನು ದಯವಿಟ್ಟು ಗಮನದಲ್ಲಿಡಿ. ತಪಾಸಣೆ ಇರುವುದು ಯಾವ ಲಕ್ಷಣವೂ ಇಲ್ಲದವರಿಗಾಗಿ. ಗಂಟು ಇರುವವರು, ರಕ್ತ ಕಂಡವರು ಶಿಬಿರದ ದಿನಾಂಕಕ್ಕಾಗಿ ಕಾಯಬಾರದು. ಶಿಬಿರದಲ್ಲಿ "ಏನೂ ಇಲ್ಲ" ಎಂದರೂ ಅಷ್ಟಕ್ಕೇ ನಿಲ್ಲಬಾರದು. ಅವರು ನೇರವಾಗಿ ವೈದ್ಯರನ್ನು ಕಾಣಬೇಕು.

ಆಶಾ ಕಾರ್ಯಕರ್ತೆಯರ ಬಳಿ ಒಂದು ಪ್ರಶ್ನಾವಳಿಯಿದೆ. ಸ್ತನದಲ್ಲಿ ಗಂಟಿದೆಯೇ, ಸಂಪರ್ಕದ ನಂತರ ರಕ್ತ ಕಾಣುತ್ತದೆಯೇ, ಮುಟ್ಟು ನಿಂತ ಮೇಲೆ ರಕ್ತ ಬಂದಿದೆಯೇ ಎಂಬ ಪ್ರಶ್ನೆಗಳೆಲ್ಲ ಅದರಲ್ಲಿವೆ. ಚೆನ್ನಾಗಿ ರೂಪಿಸಿದ ಪ್ರಶ್ನಾವಳಿ. ಆದರೆ ಅದನ್ನು ಎಲ್ಲಿ ಕೇಳಲಾಗುತ್ತಿದೆ? ಮನೆಯ ಜಗುಲಿಯಲ್ಲಿ, ಅತ್ತೆ ಅಕ್ಕಿ ಆರಿಸುತ್ತ ಕುಳಿತಿರುವಾಗ, ಮೈದುನ ಬೈಕು ಒರೆಸುತ್ತಿರುವಾಗ. ಎಲ್ಲ ಪ್ರಶ್ನೆಗೂ ಸೊಸೆಯ ಉತ್ತರ "ಇಲ್ಲ" ಎಂದೇ ಬರುತ್ತದೆ; ನಮೂನೆಯೂ ಹಾಗೆಯೇ ತುಂಬುತ್ತದೆ. ತಪ್ಪು ಆಶಾ ಅವರದಲ್ಲ, ಸೊಸೆಯದೂ ಅಲ್ಲ. ಅಂಗನವಾಡಿಯ ಒಳಕೋಣೆ, ಮಹಿಳಾ ಹಾಲು ಉತ್ಪಾದಕರ ಸಂಘದ ಕೊಠಡಿ, ಸ್ವಸಹಾಯ ಸಂಘದ ಸಭೆ ಮುಗಿದ ನಂತರದ ಹತ್ತು ನಿಮಿಷ, ಇಂತಹ ಸ್ಥಳ ಮತ್ತು ಸಮಯವನ್ನು ಒದಗಿಸಿಕೊಡುವುದು ಪಂಚಾಯಿತಿಗೆ ಸಾಧ್ಯ. ತಾಂಡಾಗಳಲ್ಲಿ ಅದೇ ತಾಂಡಾದ ಹೆಣ್ಣುಮಗಳೊಬ್ಬಳು ಜೊತೆಗಿದ್ದರೆ ಮಾತು ಇನ್ನೂ ಸಲೀಸಾಗುತ್ತದೆ.

ಹಾಗೆಯೇ ಉಪಕೇಂದ್ರದ ಕೋಣೆ. ಬಾಗಿಲಿಗೆ ಚಿಲಕವಿಲ್ಲದ, ಕಿಟಕಿಗೆ ಪರದೆಯಿಲ್ಲದ, ಕೈತೊಳೆಯಲು ನೀರಿಲ್ಲದ ಕೋಣೆಯಲ್ಲಿ ಯಾವ ಹೆಣ್ಣುಮಗಳೂ ಈ ಪರೀಕ್ಷೆಗೆ ಒಪ್ಪಲಾರಳು, ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಚಿಲಕ, ಪರದೆ, ನಲ್ಲಿ, ಒಂದು ಒಳ್ಳೆಯ ದೀಪ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಅನುದಾನದಲ್ಲಿ ಇಷ್ಟು ಆಗಬಲ್ಲದು. ಆ ಸಮಿತಿಯಲ್ಲಿ ನೀವೇ ಇದ್ದೀರಿ. ತಪಾಸಣೆಯ ದಿನವನ್ನು ಸಂತೆಯ ದಿನ, ಈರುಳ್ಳಿ ಕೀಳುವ ವಾರ, ರಾಗಿ ಕೊಯ್ಲಿನ ವಾರಗಳಲ್ಲಿ ಇಡದಂತೆ ಸಮುದಾಯ ಆರೋಗ್ಯ ಅಧಿಕಾರಿಗೆ ತಿಳಿಸಬಲ್ಲವರೂ ನೀವೇ. ಆ ಲೆಕ್ಕ ಜಿಲ್ಲಾ ಕೇಂದ್ರದಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

ಇನ್ನು ಸೂಜಿಯ ಭಯ. ಗಂಟಿಗೆ ಸೂಜಿ ಚುಚ್ಚಿದರೆ ರೋಗ ಕೆರಳಿ ಹರಡುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಪರೀಕ್ಷೆಗೆ ಬರೆದುಕೊಟ್ಟ ಚೀಟಿಯನ್ನು ಬಸ್ ನಿಲ್ದಾಣದಲ್ಲಿಯೇ ಹರಿದು ಹಾಕಿ ಹೋದವರಿದ್ದಾರೆ. ಸ್ತನದ ಗಂಟಿಗೆ ಸೂಜಿ ಪರೀಕ್ಷೆ ಮಾಡುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಗಂಟು ಯಾವುದೆಂದು ತಿಳಿಯದೆ ಚಿಕಿತ್ಸೆ ಆರಂಭಿಸಲು ಸಾಧ್ಯವೇ ಇಲ್ಲ. ಸೂಜಿಯ ನಂತರ ರೋಗ ಹರಡಿತು ಎಂದು ಕಾಣುವ ಕಡೆಗಳಲ್ಲಿ, ಆ ಸೂಜಿಯೇ ತಡವಾಗಿ ಬಂದಿರುತ್ತದೆ. ಗಂಟಿಗೆ ಸೊಪ್ಪಿನ ಲೇಪ ಹಚ್ಚಿ ಕರಗಿಸುತ್ತೇವೆ ಎನ್ನುವವರು ನಮ್ಮ ಸುತ್ತ ಇದ್ದಾರೆ. ನಾಟಿ ವೈದ್ಯರನ್ನು ನಾನು ಹಳಿಯುವುದಿಲ್ಲ, ಮೂಳೆ ಉಳುಕಿಗೆ ಅವರಲ್ಲಿ ಒಳ್ಳೆಯ ಕೈಗುಣವಿದೆ. ಆದರೆ ಲೇಪ ಹಚ್ಚಿ ಕಾಯುವ ಮೂರು ತಿಂಗಳು ಹಿಂದಿರುಗಿ ಬರುವುದಿಲ್ಲ. ಮೊದಲು ಪರೀಕ್ಷೆಯಾಗಲಿ.

ಹೋಗಬೇಕಾದದ್ದು ಎಲ್ಲಿಗೆ? ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮುಂದೆ ಕಡೂರಿನವರಿಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಕ್ಯಾನ್ಸರ್ ಖಚಿತವಾದರೆ, 1973ರಲ್ಲಿ ಆರಂಭವಾದ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ವಲಯದ ದೊಡ್ಡ ಆಸ್ಪತ್ರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯ ಪ್ರಯಾಣಕ್ಕೆ ಹಣ ಬೇಕಿಲ್ಲ. ಕಡೂರು, ಬೀರೂರಿನಿಂದ ರೈಲಿನಲ್ಲಿ ಹೋಗುವವರಿಗೆ, ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ, ಕ್ಯಾನ್ಸರ್ ರೋಗಿಗಳ ರಿಯಾಯಿತಿ ದೊರೆಯುತ್ತದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ಎಡವುವುದು ಕಾಗದದಲ್ಲಿ. ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರಿರುವುದಿಲ್ಲ, ಆಧಾರಿನಲ್ಲಿ ತವರಿನ ವಿಳಾಸವಿರುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡಿರುತ್ತಾರೆ. ರೋಗ ಪತ್ತೆಯಾದ ಮೇಲೆ ಹೆಸರು ಸೇರಿಸಲು ಓಡಾಡುವುದು ಅತ್ಯಂತ ದುಃಖದ ಓಡಾಟ. ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು ನಿಮ್ಮ ವಾರ್ಡಿನಲ್ಲಿ ಎಷ್ಟು ಮಂದಿ ಎಂದು ಈ ತಿಂಗಳೇ ನೋಡಿಕೊಳ್ಳಿ. ಸಂದೇಹವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ಎಲ್ಲಕ್ಕಿಂತ ಹೆಚ್ಚು ಮಂದಿ ಕಳೆದುಹೋಗುವುದು ಚೀಟಿ ಬರೆದುಕೊಟ್ಟ ದಿನಕ್ಕೂ ಮುಂದಿನ ಆಸ್ಪತ್ರೆ ತಲುಪುವ ದಿನಕ್ಕೂ ನಡುವೆ. ಆದುದರಿಂದ ಪಂಚಾಯಿತಿ ಮಟ್ಟದ ಕೆಡಿಪಿ ಸಭೆಯಲ್ಲಿ ಆರೋಗ್ಯ ಸಿಬ್ಬಂದಿ ಎಷ್ಟು ಮಂದಿಯ ತಪಾಸಣೆ ಆಯಿತೆಂದು ವರದಿ ಓದುವಾಗ, ಅಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸಬೇಡಿ. ಎಷ್ಟು ಮಂದಿಯನ್ನು ಮುಂದೆ ಕಳುಹಿಸಲಾಯಿತು, ಅವರಲ್ಲಿ ಎಷ್ಟು ಮಂದಿ ತಲುಪಿದರು, ತಲುಪದವರಿಗೆ ಅಡ್ಡಿಯಾದದ್ದೇನು ಎಂದು ಕೇಳಿ. ಸಂಖ್ಯೆಯನ್ನು ಕೇಳಿ, ಹೆಸರನ್ನು ಕೇಳಬೇಡಿ. ಯಾರ ಹೆಸರೂ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಬರಕೂಡದು. ಒಬ್ಬಳ ಹೆಸರು ಹೊರಬಿದ್ದರೆ ಉಳಿದ ನೂರು ಮಂದಿ ಮುಂದಿನ ಬಾರಿ ಬಾಯಿ ಬಿಡುವುದಿಲ್ಲ. ಹೆಸರು ತಿಳಿದಿರಬೇಕಾದದ್ದು ಆಶಾ ಅವರಿಗೆ ಮತ್ತು ಶುಶ್ರೂಷಕಿಗೆ. ಜೊತೆಗೆ ಹೋಗುವವರಿಲ್ಲವೆಂದು ಅವರು ಬಂದು ಹೇಳಿದಾಗ ಒಬ್ಬರನ್ನು ಗೊತ್ತು ಮಾಡಿಕೊಡುವುದಷ್ಟೇ ನಿಮ್ಮ ಪಾಲು. ಪುರುಷ ಸದಸ್ಯರು ಈ ವಿಷಯದಲ್ಲಿ ತಮಗೇನು ಕೆಲಸ ಎಂದು ಆಗಲೇ ಕಿಟಕಿಯ ಕಡೆ ನೋಡುತ್ತಿರುವುದನ್ನು ಗಮನಿಸಿದ್ದೇನೆ. ಗಂಡನಿಗೆ, ಮಗನಿಗೆ ಹೇಳಿ ಒಪ್ಪಿಸುವ ಕೆಲಸ ನಿಮ್ಮದು. ಅದನ್ನು ನಮ್ಮಿಂದ ಮಾಡಲಾಗದು.

ಬಾಲಕಿಯರ ಎಚ್‌ಪಿವಿ ಲಸಿಕೆಯ ಬಗ್ಗೆ ಬೆಳಿಗ್ಗೆ ಕೆಲವರು ಕೇಳಿದ್ದಿರಿ. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಕೊಟ್ಟರೆ ಅದರ ಪ್ರಯೋಜನ ಹೆಚ್ಚು. ಸುರಕ್ಷಿತವಾದ ಲಸಿಕೆ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಲಸಿಕೆ ಪಡೆದವರೂ ಮುಂದೆ ಮೂವತ್ತು ದಾಟಿದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು. ಆಕೆಯ ತಾಯಿಯ ತಪಾಸಣೆಯನ್ನು ಈ ವರ್ಷವೇ ಮಾಡಿಸಬೇಕು. ಉಳಿದ ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲ್ಲರ ಮುಂದೆ ಕೇಳಲಾಗದ ಪ್ರಶ್ನೆಗಳಿರುವ ಮಹಿಳಾ ಸದಸ್ಯರಿಗಾಗಿ ಊಟದ ನಂತರ ಪಕ್ಕದ ಕೊಠಡಿಯಲ್ಲಿ ಕುಳಿತಿರುತ್ತೇನೆ. ಅದಕ್ಕೆ ಚಿಲಕವಿದೆ, ನೋಡಿಕೊಂಡೇ ಬಂದಿದ್ದೇನೆ.